ಗಾಳಿಗೆ ಹೋದ ಎರಡು ಬೀಸು

ಬೀಗದಂಗಡಿಯ ಹುಡುಗನಿಗೆ ಕಿಡಿ ಅಂತ ಹೆಸರು ಬಿದ್ದಿದ್ದು ಕೀಲಿ ಉಜ್ಜುವ ಯಂತ್ರದಿಂದಲ್ಲ, ಮೂಗಿನ ತುದಿಯಲ್ಲೇ ಕೂತಿರುತ್ತಿದ್ದ ಅವನ ಕೋಪದಿಂದ. ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ಅವನ ಪುಸ್ತಕವನ್ನು ಎರಡೇ ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ತೋರಿಸುವ ಹಾಗೆ ಇಡೀ ತರಗತಿಗೆ ತೋರಿಸಿದ್ದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಕಿಡಿ ಬ್ಯಾಗನ್ನು ಬೆಂಚಿನ ಮೇಲೇ ಬಿಟ್ಟು ಎದ್ದು ಹೋದ. ಹೋದವನು ನೇರವಾಗಿ ಸೋದರಮಾವನ ಅಂಗಡಿಗೆ ಬಂದು ಅರವನ್ನು ಕೈಗೆತ್ತಿಕೊಂಡ. ಆಮೇಲೆ ಏಳು ವರ್ಷ ಕಳೆಯಿತು. ಅಂಗಡಿ ಅನ್ನುವುದಕ್ಕಿಂತ ಅದನ್ನು ಬಾಗಿಲಿರುವ ಬೀರು ಅನ್ನಬಹುದು. ಒಬ್ಬ ಸೀನಿದರೆ ಇನ್ನೊಬ್ಬನ ಕೈಯಲ್ಲಿದ್ದ ಕೀಲಿ ಕೆಳಗೆ ಬೀಳುತ್ತಿತ್ತು.

ಮಾವನಿಗೆ ಗಾಲ್ಫಿನ ಹುಚ್ಚು ಹತ್ತಿ ಮೂರು ವರ್ಷವಾಗಿತ್ತು. ಊರ ಅಂಚಿನಲ್ಲಿ, ನೀರಿನ ಟ್ಯಾಂಕಿನ ಹಿಂದೆ, ಪುರಸಭೆಯ ಒಂಬತ್ತು ಕುಳಿಯ ಮೈದಾನವಿದೆ. ಅಲ್ಲಿನ ಬಟ್ಟೆ ಬದಲಿಸುವ ಕೋಣೆಯ ಬೀಗ ಕಚ್ಚಿಕೊಂಡಿದೆ ಅಂತ ಕರೆ ಬಂದಾಗ ಹೋಗಿದ್ದ. ಬೀಗ ತೆಗೆದ ಖುಷಿಗೆ ಯಾರೋ ಕೋಲು ಕೊಟ್ಟು, "ನೀವೂ ಒಂದು ಹೊಡೀರಿ" ಅಂದರಂತೆ. ಹೊಡೆದ. ಅವತ್ತಿನಿಂದ ಭಾನುವಾರ ಬೆಳಿಗ್ಗೆ ಅಂಗಡಿಗೆ ರಜೆ.

"ಬಾರೋ ಲೇ," ಅಂತ ಕಿಡಿಯನ್ನೂ ಎಳೆದ. "ಕೋಲು ಕೊಟ್ಟು ಹೊಡಿ ಅಂತಾರೆ, ಯಾರೂ ಪೊಲೀಸ್‌ಗೆ ಫೋನ್ ಮಾಡಲ್ಲ. ನಿನ್ನ ಸ್ವಭಾವಕ್ಕೆ ಇದಕ್ಕಿಂತ ಒಳ್ಳೇ ಆಟ ಎಲ್ಲಿ ಸಿಗುತ್ತೆ?"

ಎಂಥ ಹಠಮಾರಿ ಬೀಗವನ್ನೂ ಕಣ್ಣು ಮುಚ್ಚಿಕೊಂಡು ತೆಗೆಯುವ ಕೈ ಕಿಡಿಯದು. ನಿಂಬೆಹಣ್ಣಿನಷ್ಟು ಗಾತ್ರದ, ಸುಮ್ಮನೆ ಕೂತ ಚೆಂಡೊಂದು ಆ ಕೈಯನ್ನು ಮೂರು ಕಾಸಿಗೆ ಕಡೆ ಮಾಡಿತು. ಮೊದಲ ದಿನ ಅಭ್ಯಾಸದ ಚಾಪೆಯ ಮೇಲೆ ನಿಂತು ಸೊಂಟ ಮುರಿಯುವ ಹಾಗೆ ಬೀಸಿ, ಚೆಂಡು ಎಲ್ಲಿ ಹೋಯಿತು ಅಂತ ಹಣೆಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡಿದ. ಪಕ್ಕದ ಚಾಪೆಯ ಅಜ್ಜಿ ತನ್ನ ಚೆಂಡನ್ನು ನಾಜೂಕಾಗಿ ನೂರು ಗಜ ಕಳಿಸಿ, "ಇಲ್ಲೇ ಇದೆ ಕಣಪ್ಪ. ನಿನ್ನ ಬಿಟ್ಟು ಎಲ್ಲೂ ಹೋಗಿಲ್ಲ," ಅಂದರು. ಕಿಡಿಯ ಕಿವಿ ಕಾದ ಕಬ್ಬಿಣವಾಯಿತು. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಕೋಲು ಬಿಸಾಡಿ ಹೋಗುತ್ತಿದ್ದರು. ಒಮ್ಮೆ ಬ್ಯಾಗು ಬಿಟ್ಟು ಎದ್ದು ಬಂದವನಿಗೆ ಎರಡನೇ ಸಲ ಎದ್ದು ಹೋಗುವುದು ಆಗಲಿಲ್ಲ. ಹಲ್ಲು ಕಚ್ಚಿ ದಿನಾ ಬಂದ.

ಆ ಆಟದಲ್ಲಿ ಅಂಪೈರ್ ಇಲ್ಲ, ಸೀಟಿ ಇಲ್ಲ. ಒಂದೊಂದು ಕುಳಿಗೆ ಎಷ್ಟು ಹೊಡೆತ ಹಿಡಿಯಿತು ಅನ್ನುವುದನ್ನು ಆಡಿದವನೇ ಬಾಯಿಬಿಟ್ಟು ಹೇಳಬೇಕು, ಜೊತೆಗಾರ ಕಾರ್ಡಿನಲ್ಲಿ ಬರೆದುಕೊಳ್ಳುತ್ತಾನೆ. ಕಡಿಮೆ ಹೊಡೆತದವನೇ ಗೆದ್ದವನು. ಹೊಸಬರು ಭಾನುವಾರ ಬೆಳಿಗ್ಗೆ ಎಲ್ಲರೊಡನೆ ಆಡಬೇಕಾದರೆ ಒಂದು ಪರೀಕ್ಷೆ: ಸಂಬಂಧಿಕರಲ್ಲದ ಒಬ್ಬ ಸದಸ್ಯರು ಕಾರ್ಡು ಬರೆಯಬೇಕು, ಒಂಬತ್ತು ಕುಳಿಯೂ ಅರವತ್ತು ಹೊಡೆತ ಮೀರದೆ ಮುಗಿಯಬೇಕು. ಮೂರೇ ಅವಕಾಶ. ಮೂರೂ ಹೋದರೆ ಆರು ತಿಂಗಳು ಮತ್ತೆ ಚಾಪೆಯೇ ಗತಿ.

ಕಿಡಿ ಮೊದಲ ಸಲ ಎಪ್ಪತ್ತನಾಲ್ಕು ಹೊಡೆದ, ಎರಡನೇ ಸಲ ಅರವತ್ತಾರು. ಅಷ್ಟರಲ್ಲಿ ಮಾವ ಮುಂದಿನ ಭಾನುವಾರದ ಜೋಡಿ ಪಂದ್ಯಕ್ಕೆ ಇಬ್ಬರ ಹೆಸರನ್ನೂ ಬರೆಸಿ, ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಸಾರಿಯಾಗಿತ್ತು. "ನಮ್ಮ ಅಕ್ಕನ ಮಗ. ನಾನೂ ಅವನೂ ಜೋಡಿ." ಹೇಳುವಾಗ ಆ ಐವತ್ತೈದು ವರ್ಷದವನ ಮುಖ ಹೊಸ ಬಟ್ಟೆ ತೊಟ್ಟ ಮಗುವಿನ ಮುಖವಾಗುತ್ತಿತ್ತು. ಕಿಡಿಯ ಅಪ್ಪ ಎಂದೂ ಅವನ ಬಗ್ಗೆ ಹಾಗೆ ಹೇಳಿಕೊಂಡವನಲ್ಲ. ಬೇರೆ ಯಾರೂ ಹೇಳಿಕೊಂಡಿರಲಿಲ್ಲ.

ಮೂರನೇ ಸಲಕ್ಕೆ ಕಾರ್ಡು ಹಿಡಿದವರು ಹಲ್ಲಿನ ಡಾಕ್ಟರು. ಬೇರೆಯವರ ಬಾಯಲ್ಲಿ ಕೈಯಿಟ್ಟುಕೊಂಡೇ ಮಾತಾಡಿ ಅಭ್ಯಾಸವಾದದ್ದರಿಂದಲೋ ಏನೋ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಲೇ ಇರಲಿಲ್ಲ. ಮಾವನೂ ಜೊತೆಗೆ ಆಡುತ್ತಾ ಬಂದ.

ಮೊದಲ ಮೂರು ಕುಳಿ ಪರವಾಗಿಲ್ಲ ಅನ್ನುವ ಹಾಗೆ ದಾಟಿದವು. ನಾಲ್ಕನೆಯದರಲ್ಲಿ ಕಿಡಿಯ ಚೆಂಡು ಬೇಲಿಗಿಡದ ಒಳಗೆ ನುಗ್ಗಿ ಒಂದು ಮರದ ಬೇರಿಗೆ ಒತ್ತಿಕೊಂಡು ಕೂತಿತು. ಹೊಡೆದರೆ ಕೋಲು ಮುರಿಯಬೇಕು, ಇಲ್ಲವೇ ಮಣಿಕಟ್ಟು. ಮಾವನ ಚೆಂಡು ಆಚೆ ಬದಿಯ ಚರಂಡಿಗೆ ಬಿದ್ದಿತ್ತು. ಮಾವನೂ ಡಾಕ್ಟರೂ ಅಲ್ಲಿ ಬಗ್ಗಿ ಹುಡುಕುತ್ತಿದ್ದರು, ಇಬ್ಬರ ಬೆನ್ನೂ ಇತ್ತ. ಕಿಡಿ ಬೂಟಿನ ತುದಿಯಿಂದ ಚೆಂಡನ್ನು ಹುಲ್ಲಿನ ಕಡೆಗೆ ತಳ್ಳಿದ. ಒಂದು ಗೇಣು, ಅಷ್ಟೆ. ಕಾಲು ತಾನಾಗಿಯೇ ಹೋಯಿತು ಅಂತ ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಆದರೆ ಕಾಲು ಹೋಗುವ ಮುಂಚೆ ಕಣ್ಣು ಎಡಕ್ಕೂ ಬಲಕ್ಕೂ ಹೋಗಿ ಬಂದಿತ್ತಲ್ಲ.

ಅಲ್ಲಿಂದ ಹೊಡೆದದ್ದು ಅವನ ಜನ್ಮದಲ್ಲೇ ಒಳ್ಳೆಯ ಹೊಡೆತ. ಚೆಂಡು ಟಣ್ಣನೆ ಎದ್ದು, ನೆಲದ ಋಣವೇ ಇಲ್ಲದ ಹಾಗೆ ಹಾರಿ, ಕುಳಿಯ ಬಾವುಟದ ಹತ್ತಿರ ಮೆತ್ತಗೆ ಇಳಿಯಿತು.

"ಭಲೇ ಭಲೇ ಭಲೇ!" ಮಾವ ಚರಂಡಿಯಲ್ಲೇ ಕುಣಿದ. "ನೋಡಿದ್ರಾ ಡಾಕ್ಟ್ರೇ? ಹುಲಿ ಕಣ್ರೀ ಇವ್ನು, ಹುಲಿ!"

"ಎಷ್ಟು?" ಆ ಕುಳಿ ಮುಗಿದ ಮೇಲೆ ಡಾಕ್ಟರು ಪೆನ್ಸಿಲ್ ತೆಗೆದರು.

"ಐದು," ಅಂದ ಕಿಡಿ.

ಏಳನೇ ಕುಳಿಯಲ್ಲಿ ಎತ್ತರದ ಹುಲ್ಲಿಗೆ ಬಿದ್ದು ಎರಡು ಸಲ ಬೀಸಿದ್ದು ಬರೀ ಗಾಳಿಗೆ ಹೋಯಿತು. ಮೂರನೆಯದಕ್ಕೆ ಚೆಂಡು ಸಿಕ್ಕಿತು. ಅಂತೂ ಒಂಬತ್ತು ಮುಗಿದಾಗ ಕಿಡಿ ಹೇಳುತ್ತಾ ಬಂದ ಲೆಕ್ಕಕ್ಕೆ ಐವತ್ತೆಂಟು. ಮಾವ ಅವನ ಬೆನ್ನಿಗೆ ಗುದ್ದಿದ ಗುದ್ದಿಗೆ ಕೆಮ್ಮು ಬಂತು.

ಮೈದಾನದ ಆಫೀಸು ತಗಡಿನ ಸೂರಿನ ಒಂದೇ ಕೋಣೆ. ಒಂದು ಮೇಜು, ಗೋಡೆಗೆ ಭಾನುವಾರ ಆಡುವವರ ಹೆಸರಿನ ಹಲಗೆ. ಮೇಜಿನ ಹಿಂದೆ ಕಾರ್ಯದರ್ಶಿ ಮೇಡಂ. ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು, ಈಗಲೂ ಎದುರಿನವರು ಆಡಿದ ಪ್ರತಿ ಮಾತನ್ನೂ ಟೈಪು ಮಾಡುತ್ತಿರುವ ಹಾಗೆ ಕೇಳುತ್ತಿದ್ದರು. ಅವರು ಸಹಿಗೆ ಪೆನ್ನು ಎತ್ತಿದ್ದೇ ತಡ, ಡಾಕ್ಟರು ಗಂಟಲು ಸರಿಮಾಡಿಕೊಂಡರು.

"ಲೆಕ್ಕ ತಪ್ಪಿದೆ. ಏಳನೇ ಕುಳೀಲಿ ಎರಡು ಸಲ ಗಾಳಿಗೆ ಬೀಸಿದ್ರಿ. ಅದು ಇದರಲ್ಲಿಲ್ಲ."

"ಗಾಳಿಗೆ ಬೀಸಿದ್ದನ್ನ ಯಾರ್ರೀ ಎಣಿಸ್ತಾರೆ?" ಮಾವ ನಕ್ಕ.

ಮೇಡಂ ನಿಧಾನಕ್ಕೆ ಮಾವನ ಕಡೆ ತಿರುಗಿದರು. "ನೀವು ಎಣಿಸಲ್ವಾ?"

ಮಾವನ ನಗು ಅರ್ಧಕ್ಕೇ ನಿಂತಿತು. ಆಟ ಕಲಿಸಿದವನು ಮಾವನೇ. ಚೆಂಡಿಗೆ ತಗುಲಿದರೆ ಮಾತ್ರ ಹೊಡೆತ ಅಂತ ಹೇಳಿಕೊಟ್ಟವನೂ ಮಾವನೇ. ಕಿಡಿಗೆ ನಿಜವಾಗಿ ಗೊತ್ತಿರಲಿಲ್ಲ.

"ಕೆಲವರು ಹೀಗೇ," ಡಾಕ್ಟರು ಗೋಡೆಗೆ ಹೇಳಿದರು. "ಯಾರೂ ನೋಡ್ತಿಲ್ಲ ಅಂದ್ರೆ ಕೈ ಓಡುತ್ತೆ."

ಕಿಡಿಗೆ ಎಂಥ ಕೋಪ ಬರಬೇಕಿತ್ತು! ಬಂತು ಕೂಡ, ಗಂಟಲವರೆಗೆ. ಅಲ್ಲೇ ನಿಂತುಬಿಟ್ಟಿತು. ಯಾಕೆಂದರೆ ಯಾರೂ ನೋಡದಿದ್ದಾಗ ಓಡಿದ್ದು ಕಾಲು. ಅವನ ಬದಲು ಮಾವ ಸಿಡಿದ.

"ಡಾಕ್ಟ್ರೇ, ಮಾತು ವಾಪಸ್ ತಗೊಳ್ಳಿ! ಈ ಊರಿನ ಅರ್ಧ ಬಾಗಿಲು ತೆಗೆದಿರೋ ಕೈ ಇದು. ನಿಮ್ಮ ಕ್ಲಿನಿಕ್ ಬೀಗಾನೂ ಇವನೇ ತೆಗೆದಿದ್ದು, ನೀವು ಹೊರಗೆ ನಿಂತು ಫೋನಲ್ಲಿ ಮಾತಾಡ್ತಿದ್ರಿ. ಒಂದು ಹತ್ತಿ ಉಂಡೆ ಆದ್ರೂ ಕಮ್ಮಿ ಆಗಿತ್ತಾ? ನಾನು ಬೇಕಾದ್ರೆ ಸುಳ್ಳು ಹೇಳ್ತೀನಿ, ಇವನು ಹೇಳಲ್ಲ!"

ಮೇಡಂ ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. "ನೋಡಪ್ಪ, ಇದರಲ್ಲಿ ಒಂದೇ ಪ್ರಶ್ನೆ. ಬೀಸಿದಾಗ ಚೆಂಡಿಗೆ ಹೊಡೀಬೇಕು ಅಂತಲೇ ಬೀಸಿದ್ರಾ, ಸುಮ್ಮನೆ ಕೈ ಸಡಿಲ ಮಾಡ್ಕೊಳ್ಳೋಕಾ? ಅದು ನಿಮಗೊಬ್ಬರಿಗೇ ಗೊತ್ತು. ನೀವು ಹೇಳಿದ್ದನ್ನ ನಾನು ಬರ್ಕೊಳ್ತೀನಿ."

"ಹೊಡೀಬೇಕು ಅಂತಲೇ," ಅಂದ ಕಿಡಿ. "ಎರಡೂ."

"ಐವತ್ತೆಂಟು, ಎರಡು. ಅರವತ್ತು." ಅವರು ತಲೆಯೆತ್ತಿದರು. "ಅರವತ್ತು ಮೀರಿಲ್ಲ."

ಸಹಿ ಬಿತ್ತು. ಡಾಕ್ಟರು ಎದ್ದು ಬಂದು ಕೈ ಹಿಡಿದು ಕುಲುಕಿ, "ತಪ್ಪು ತಿಳ್ಕೊಂಡೆ. ಹೀಗೆ ಒಪ್ಪಿಕೊಳ್ಳೋರು ಕಮ್ಮಿ," ಅಂದರು, ಈ ಸಲ ಉತ್ತರಕ್ಕೂ ಕಾದರು. ಕಿಡಿ ತಲೆ ತಗ್ಗಿಸಿ ತನ್ನ ಬೂಟು ನೋಡಿದ. ಅದನ್ನೂ ವಿನಯ ಅಂದುಕೊಂಡರು. ನಾಲ್ಕನೇ ಕುಳಿಯದನ್ನು ಹೇಳಿದರೆ ಇನ್ನೆರಡು ದಂಡ, ಅರವತ್ತೆರಡು. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಮಾವನ ಮುಖ ಕಂಡಿತು. ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ. ಕಿಡಿ ಬಾಯಿ ಮುಚ್ಚಿಕೊಂಡ.

ವಾರವಿಡೀ ಅಂಗಡಿಯಲ್ಲಿ ಅದೇ ಕಥೆ. ಕೀಲಿ ಮಾಡಿಸಲು ಬಂದವರು, ವಿಳಾಸ ಕೇಳಲು ಬಂದವರು, ಯಾರನ್ನೂ ಮಾವ ಬಿಡಲಿಲ್ಲ. "ಗಾಳಿಗೆ ಹೋದ ಬೀಸನ್ನೂ ಒಪ್ಕೊಂಡ ಕಣ್ರೀ! ನನಗಾದ್ರೆ ಆಗ್ತಿತ್ತಾ?" ಕಿಡಿ ತಲೆ ತಗ್ಗಿಸಿ ಅರ ಉಜ್ಜುತ್ತಿದ್ದ. ಬುಧವಾರ ಒಂದೇ ಕೀಲಿಯನ್ನು ಮೂರು ಸಲ ಕೆಡಿಸಿದ. ಮಾವ ಬೈಯಲಿಲ್ಲ. ಬೈದಿದ್ದರೆ ತಿರುಗಿ ಕೂಗಾಡಿ ಸ್ವಲ್ಪ ಹಗುರಾಗುತ್ತಿತ್ತು. ಅದೂ ಇಲ್ಲ.

ಭಾನುವಾರ ಜೋಡಿ ಪಂದ್ಯ. ಅಲ್ಲಿ ಇನ್ನೊಂದು ಕಾದಿತ್ತು. ಮಾವ ಮೊದಲ ಕುಳಿಯಲ್ಲೇ ಒಮ್ಮೆ ಗಾಳಿಗೆ ಬೀಸಿ, ನೇರ ನಿಂತು, ಎಲ್ಲರಿಗೂ ಕೇಳುವ ಹಾಗೆ "ಒಂದು!" ಅಂದ. ಎರಡನೆಯದರಲ್ಲೂ ಅಷ್ಟೇ. ಮೂರು ವರ್ಷದಿಂದ ಐವತ್ತೈದು ಹೊಡೆತದ ಆಸುಪಾಸಿನಲ್ಲಿ ಮುಗಿಸುತ್ತಿದ್ದವನು ಅವತ್ತು ಅರವತ್ತೊಂಬತ್ತಕ್ಕೆ ನಿಂತ.

"ಏನ್ರೀ ಬೀಗದ ಸಾಹೇಬ್ರೇ," ಜೊತೆಗಾರನೊಬ್ಬ ಕಿಚಾಯಿಸಿದ, "ಒಂದೇ ವಾರದಲ್ಲಿ ವಯಸ್ಸಾಗೋಯ್ತಾ?"

"ವಯಸ್ಸಲ್ಲಪ್ಪ, ಬುದ್ಧಿ ಬಂತು. ಇಷ್ಟು ದಿನ ಗಾಳೀನ ಎಣಿಸ್ತಿರಲಿಲ್ಲ. ನಮ್ಮ ಹುಡುಗ ಕಲಿಸ್ದ."

ಉಳಿದವರು ಗೊಳ್ಳೆಂದು ನಕ್ಕರು. ಮೂರು ವರ್ಷದ ಹೆಮ್ಮೆಯನ್ನು ಮಾವ ನಾಲ್ಕು ಜನರ ಮುಂದೆ ತಾನೇ ಬಿಚ್ಚಿಹಾಕಿ ನಿಂತಿದ್ದ. ಕಿವಿ ಕೆಂಪಗಾಗಿದ್ದರೂ ಕತ್ತು ನೇರವಿತ್ತು. ಕಾರ್ಡು ಕೊಡುವ ಮುಂಚೆ ನಲ್ಲಿಯಡಿ ಬೂಟು ತೊಳೆಯುತ್ತಿದ್ದ ಮಾವನ ಹತ್ತಿರ ಕಿಡಿ ಹೋದ.

"ಮಾವ, ಅವತ್ತು ನಾಲ್ಕನೇದ್ರಲ್ಲಿ ನಾನು ಚೆಂಡು ಸರಿಸ್ದೆ."

"ಯಾವ ಚೆಂಡು?"

"ನಂದೇ. ಬೇರಿಗೆ ಒತ್ಕೊಂಡಿತ್ತು. ನೀವಿಬ್ರೂ ಚರಂಡೀಲಿ ಹುಡುಕ್ತಿದ್ರಿ. ಕಾಲಲ್ಲಿ ತಳ್ದೆ."

ಮಾವ ನಲ್ಲಿ ನಿಲ್ಲಿಸಿದ. "ಎಷ್ಟು ದೂರ?"

"ಒಂದು ಗೇಣು."

ಮಾವ ತನ್ನ ಅಂಗೈ ಅಗಲಿಸಿ ಹೆಬ್ಬೆರಳಿಂದ ಕಿರುಬೆರಳವರೆಗೆ ನೋಡಿದ. "ಇಷ್ಟಕ್ಕಾ?"

"ಹೂಂ."

"ಆ ಡಾಕ್ಟ್ರ ಮುಂದೆ ನಾನು ಏನೇನಂದೆ ಅಂತ ನೆನಪಿದೆಯಾ?"

"ಇದೆ."

"ಮೂರು ವರ್ಷ ನಾನು ಮಾಡಿದ್ದು ಕಳ್ಳಾಟ ಅಂತ ಈ ವಾರವೆಲ್ಲ ಒದ್ದಾಡಿದೀನಿ ಕಣೋ. ಅಂಗಡೀಲಿ ನಿನ್ನ ಮುಖ ನೋಡೋಕೆ ನಾಚಿಕೆ ಆಗ್ತಿತ್ತು ನನಗೆ. ನಿನ್ನ ಮುಖ!"

"ಬೈ ಮಾವ. ಎರಡು ಬಿಡು ಬೇಕಾದ್ರೆ."

"ಬೈದ್ರೆ ನಿನಗೆ ಹಗುರ ಆಗುತ್ತೆ," ಅಂದ ಮಾವ. ದನಿ ಎತ್ತರಿಸಲಿಲ್ಲ. "ನಡಿ ಒಳಗೆ."

ಆಫೀಸಿನಲ್ಲಿ ಕಾರ್ಡು ಕೊಡುವವರ ಸಾಲಿತ್ತು. ಚಾಪೆಯ ಅಜ್ಜಿ ಇದ್ದರು, ಕಿಚಾಯಿಸಿದವನಿದ್ದ, ಡಾಕ್ಟರಿದ್ದರು. ಡಾಕ್ಟರು ಕಿಡಿಯನ್ನು ಕಂಡು ನಕ್ಕು ಜಾಗ ಬಿಟ್ಟರು. ಆ ನಗುವೇ ಎಲ್ಲಕ್ಕಿಂತ ಕಷ್ಟವಾಯಿತು. ಕಿಡಿ ಮೇಜಿನ ಮುಂದೆ ನಿಂತ. ಮಾವ ಬಾಗಿಲಲ್ಲೇ ಉಳಿದ.

"ಮೇಡಂ, ಹೋದ ವಾರದ ನನ್ನ ಕಾರ್ಡು ತಪ್ಪು."

ಮೇಡಂ ಬೇರೆ ಕಾಗದಗಳನ್ನು ಬದಿಗಿಟ್ಟು ದಪ್ಪನೆಯ ಪುಸ್ತಕ ತೆರೆದರು. "ಯಾವ ಕುಳಿ?"

"ನಾಲ್ಕು."

"ಏನಾಯ್ತು?"

"ಚೆಂಡು ಸರೀತು."

"ತಾನಾಗಿ ಸರೀತಾ, ನೀವು ಸರಿಸಿದ್ರಾ?"

"ನಾನೇ ಸರಿಸ್ದೆ."

"ಕೋಲಲ್ಲಾ, ಕೈಯಲ್ಲಾ?"

"ಕಾಲಲ್ಲಿ."

ಮೇಡಂ ಬರೆದುಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. "ಅರವತ್ತೆರಡಾಯ್ತು. ಸಹಿ ರದ್ದು. ಹಲಗೆಯಿಂದ ಹೆಸರು ತೆಗೀತೀನಿ, ಇವತ್ತಿನ ಜೋಡಿ ಕಾರ್ಡೂ ಲೆಕ್ಕಕ್ಕಿಲ್ಲ. ಕಾರಣ ಪೂರ್ತಿ ಬರೀಬೇಕು. ಯಾವ ಕಾಲು?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಏಳು ವರ್ಷದ ಹಿಂದೆ ಹೀಗೇ ಒಂದು ಕಿಸಕ್ಕಿಗೆ ಅವನು ಎದ್ದು ಹೋಗಿದ್ದ. ಆದರೆ ಅವತ್ತು ತಪ್ಪು ಅವನದಾಗಿರಲಿಲ್ಲ. ಇವತ್ತು ಯಾರ ಮೇಲೆ ಉರಿಯುವುದು?

"ಬಲಗಾಲು," ಅಂದ. ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

"ಏನು?"

"ಜೋರಾಗಿ ಹೇಳೋ," ಬಾಗಿಲಿಂದ ಮಾವನ ದನಿ ಬಂತು. "ಅವರಿಗೆ ಕೇಳಿಸ್ಲಿಲ್ಲ."

ಕೋಣೆಯಲ್ಲಿದ್ದ ಅಷ್ಟೂ ಜನ ಅವನ ಬೂಟಿನ ಕಡೆ ನೋಡುತ್ತಿದ್ದರು.

"ಬಲಗಾಲು, ಮೇಡಂ," ಅಂದ ಕಿಡಿ, ಹೊರಗಿನವರಿಗೂ ಕೇಳುವಷ್ಟು ಜೋರಾಗಿ.