ಆರನೇ ಪುಟ

ನಮ್ಮಕ್ಕ ಡೆಲ್ಫಿನಾ ಐವತ್ತಾರನೆಯ ವಯಸ್ಸಿನಲ್ಲಿ ಮತ್ತೆ ಮದುವೆಯಾಗುತ್ತೇನೆ ಎಂದಾಗ ತುಲಾರೆ ಊರಿನ ನಮ್ಮ ಪೋರ್ಚುಗೀಸ್ ಜನ ಯಾರೂ ಹುಬ್ಬೇರಿಸಲಿಲ್ಲ. ಭಾವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ವರ ಅನಿಬಲ್, ಡೈರಿಯಿಂದ ಡೈರಿಗೆ ತಿರುಗಿ ಹಸುಗಳ ಗೊರಸು ಕತ್ತರಿಸುವವನು. ತಕರಾರು ಎತ್ತಿದ್ದು ಅಕ್ಕನ ಮಗಳು ಲುಸೀಲಿಯಾ ಒಬ್ಬಳೇ.

“ಅಮ್ಮ, ಕ್ಯಾಲಿಫೋರ್ನಿಯಾದಲ್ಲಿ ಮದುವೆ ಆದ್ಮೇಲೆ ದುಡಿದದ್ದೆಲ್ಲ ಇಬ್ಬರಿಗೂ ಸಮ. ಇದು ಅಪ್ಪನ ಡೈರಿ. ಮೊದಲೇ ಬರೆಸ್ಕೊ.”

ವಕೀಲೆ ನೂನೆಸ್ ಒಪ್ಪಂದದ ಕರಡು ಬರೆದುಕೊಟ್ಟರು. ಜಮೀನು, ನಾನೂರು ಹಸು, ಮುಂದೆ ಅವುಗಳಿಂದ ಬರುವುದು, ಎಲ್ಲವೂ ಅಕ್ಕನದೇ.

“ಅನಿಬಲ್ ಇದನ್ನ ಬೇರೆ ವಕೀಲರಿಗೆ ತೋರಿಸ್ಲಿ. ಕರಡು ಅವರ ಕೈ ಸೇರಿ ಏಳು ದಿನ ಆಗದೆ ಸಹಿ ಹಾಕೋ ಹಾಗಿಲ್ಲ,” ಎಂದರು.

ಅಂದು ಮಂಗಳವಾರ. ಮದುವೆ ಮುಂದಿನ ವಾರದ ಶನಿವಾರ. ಅಕ್ಕ ಲಕೋಟೆಯನ್ನು ಎರಡು ದಿನ ಗಾಡಿಯಲ್ಲೇ ಇಟ್ಟುಕೊಂಡು ತಿರುಗಿದಳು. ತೊಳೆದ ಹಾಲಿನ ತೊಟ್ಟಿಯನ್ನೇ ಮತ್ತೆ ತೊಳೆದಳು. ಊಟಕ್ಕೆ ಕೂತರೆ ಅರ್ಧಕ್ಕೆ ಎದ್ದು ಕಿಟಕಿಗೆ ಹೋಗುತ್ತಿದ್ದಳು. ಗುರುವಾರ ನಾನೇ ಅವಳನ್ನು ಅನಿಬಲ್ ಕೆಲಸ ಮಾಡುತ್ತಿದ್ದಲ್ಲಿಗೆ ಕರೆದೊಯ್ದೆ.

“ಎಲ್ಲಿ ಹಾಕ್ಬೇಕು ಸಹಿ?” ಅನಿಬಲ್ ಕೈಯೊರೆಸಿಕೊಂಡ. “ನಿನ್ನ ಹಸು ಕಟ್ಕೊಂಡು ನಾನೇನ್ ಮಾಡ್ಲಿ, ಮಾರಾಯ್ತಿ?”

“ಮೊದಲು ಓದು.”

ಆಮೇಲೆ ಎರಡು ದಿನ ಅವನಿಂದ ಫೋನಿಲ್ಲ. ಅಕ್ಕ ಫೋನನ್ನು ಏಪ್ರನ್ ಜೇಬಿನಲ್ಲಿಟ್ಟುಕೊಂಡೇ ಹಾಲು ಕರೆಸಿದಳು. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಅವನು ಬಂದ. ಲುಸೀಲಿಯಾಳೂ ಅಡುಗೆಮನೆಯಲ್ಲಿದ್ದಳು.

“ಹಸು ನಿಂದು, ಜಮೀನು ನಿಂದು, ಒಪ್ದೆ,” ಎಂದ. “ಆರನೇ ಪುಟ ಓದಿದ್ಯಾ? ನಾಳೆ ನಾನು ನಿನ್ನ ಕೊಟ್ಟಿಗೇಲಿ ಇಪ್ಪತ್ತು ವರ್ಷ ದುಡಿದ್ರೂ ಅದರಲ್ಲಿ ನಂಗೆ ಏನೂ ಇಲ್ಲ. ಆಳಿಗಾದ್ರೆ ಸಂಬಳ ಆದ್ರೂ ಇರುತ್ತೆ.”

“ಹಾಗಾದ್ರೆ ಸಂಬಳ ತಗೊಳ್ಳಿ,” ಎಂದಳು ಲುಸೀಲಿಯಾ.

ಅಕ್ಕ ಪುಟ ತಿರುವಿ ನಿಧಾನವಾಗಿ ಓದಿದಳು. ಅವಳ ಕುತ್ತಿಗೆ ಕೆಂಪಾಯಿತು.

“ನಿಮ್ಮಪ್ಪ ಸತ್ತಾಗ ನಿನ್ನ ಚಿಕ್ಕಪ್ಪಂದಿರು ಏನಂದ್ರು, ನೆನಪಿದ್ಯಾ? ಡೆಲ್ಫಿನಾ ಅಡುಗೆ ಮಾಡ್ಕೊಂಡಿದ್ದಳು, ಡೈರಿ ನಮ್ಮಣ್ಣಂದು ಅಂದ್ರು. ಇಪ್ಪತ್ತೆಂಟು ವರ್ಷ ಹಾಲು ಕರೆದವಳು ನಾನು. ನೀನು ಈಗ ಬೇಡ ಅಂತಿರೋ ಅದೇ ಕಾನೂನು ಅವತ್ತು ನನ್ನ ಅರ್ಧ ಉಳಿಸ್ತು.”

ಲುಸೀಲಿಯಾ ಗಾಡಿಯ ಕೀಲಿ ಎತ್ತಿಕೊಂಡು ಹೊರಟುಹೋದಳು.

ಸೋಮವಾರ ಕರಡು ಬದಲಾಯಿತು. ಇರುವುದೆಲ್ಲ ಅಕ್ಕನದು, ಅವಳ ನಂತರ ಲುಸೀಲಿಯಾಳದು. ಮದುವೆಯ ದಿನದಿಂದ ಇಬ್ಬರೂ ದುಡಿದು ಬೆಳೆಸಿದ್ದು ಇಬ್ಬರದು.

“ಆದರೆ ಏಳು ದಿನ ಮತ್ತೆ ಮೊದಲಿಂದ ಎಣಿಸ್ಬೇಕು,” ಎಂದರು ನೂನೆಸ್. “ಮದುವೆ ಶನಿವಾರ ಅಲ್ವಾ?”

“ಮುಂದಕ್ಕೆ ಹಾಕ್ತೀನಿ,” ಎಂದಳು ಅಕ್ಕ.

ಇನ್ನೂರು ಮನೆಗೆ ಫೋನ್ ಮಾಡುವುದು ನನ್ನ ಪಾಲಿಗೆ ಬಂತು. ಮದುವೆಯೂಟದ ಸೋಪಾಸ್ ಸಾರಿಗೆಂದು ತರಿಸಿದ ದನದ ಮಾಂಸವನ್ನು ಹಿಂದಿರುಗಿಸುವಂತಿರಲಿಲ್ಲ. ಶನಿವಾರ ಸಭಾಭವನದಲ್ಲಿ ಬೇಯಿಸಿ, ಪುದೀನ ಹಾಕಿ, ಬ್ರೆಡ್ಡಿನ ಮೇಲೆ ಸುರಿದೆವು. ಬರಬೇಡಿ ಎಂದು ನಾನು ಫೋನ್ ಮಾಡಿದವರೂ ಬಂದರು.

“ಮದುಮಗಳೆಲ್ಲಿ?” ಎಂದು ಒಬ್ಬಜ್ಜ ಕೇಳಿದ.

“ನಿಮಗೆ ಬಡಿಸ್ತಿದೀನಲ್ಲ ಮಾವ, ತಿನ್ನಿ,” ಎಂದಳು ಅಕ್ಕ.

ಪಾತ್ರೆಗಳನ್ನು ಅನಿಬಲ್ ತೊಳೆದ. ಲುಸೀಲಿಯಾ ಬಂದಿರಲಿಲ್ಲ. ಅಕ್ಕ ಬಾಗಿಲು ಸದ್ದಾದಾಗಲೆಲ್ಲ ತಿರುಗಿ ನೋಡುತ್ತಿದ್ದಳು.

ಸೋಮವಾರ ಇಬ್ಬರೂ ಸಹಿ ಹಾಕಿದರು. ಗುರುವಾರ ಮಧ್ಯಾಹ್ನ ಎರಡು ಹಾಲಿನ ಪಾಳಿಗಳ ನಡುವೆ ಪಾದ್ರಿ ಮದುವೆ ಮಾಡಿಸಿದರು. ಲುಸೀಲಿಯಾ ತಡವಾಗಿ ಬಂದು ಕೊನೆಯ ಬೆಂಚಿನಲ್ಲಿ ಕೂತಳು. ಹೊರಗೆ ತಾಯಿಯನ್ನು ತಬ್ಬಿಕೊಂಡಳು. ಅನಿಬಲ್‌ಗೆ ಕೈ ಕೊಟ್ಟಳು, ಅಷ್ಟೆ. ಊಟಕ್ಕೆ ನಿಲ್ಲಲಿಲ್ಲ.

“ಬರ್ತಾಳೆ ಬಿಡು,” ಎಂದ ಅನಿಬಲ್.

ಅಕ್ಕ ಗಂಟೆ ನೋಡಿಕೊಂಡು ಗಾಡಿ ಹತ್ತಿದಳು. ಸಂಜೆಯ ಹಾಲಿಗೆ ಆಗಲೇ ಹೊತ್ತಾಗಿತ್ತು.