ಬಟ್ಟೆ ಹೊದ್ದ ಒಲೆ

ಕ್ಷೌರಿಕನ ಕುರ್ಚಿಯಲ್ಲಿ ಕೂತವರು ಅರ್ಧಕ್ಕೆ ಎದ್ದು ಹೋಗುವಂತಿಲ್ಲ. ಕತ್ತಿನ ಮೇಲೆ ಕತ್ತಿ ಇರುವಾಗ ಎದುರಾಡುವಂತೆಯೂ ಇಲ್ಲ. ಹೊಗೆಯಿಲ್ಲದ ಅಡುಗೆಯ ಪ್ರಚಾರಕ್ಕೆ ಸ್ವಯಂಸೇವಕನಾದ ಮೇಲೆ ಓಣಿಯ ಕ್ಷೌರಿಕ ಈ ಅನುಕೂಲವನ್ನು ಧಾರಾಳವಾಗಿ ಬಳಸಿಕೊಂಡ. ಸೌದೆಯ ಹೊಗೆ ಹೆಂಗಸರ ಎದೆಗೂಡು ತಿನ್ನುತ್ತದೆ, ಓಣಿಯ ಗಾಳಿಯನ್ನೇ ಕೆಡಿಸುತ್ತದೆ ಎಂದು ಗಡ್ಡಕ್ಕೊಂದು ಭಾಷಣ ಬಿಗಿಯುತ್ತಿದ್ದ. ಅರ್ಧ ಓಣಿ ಅವನ ಮಾತು ಕೇಳಿ ಗ್ಯಾಸ್ ಒಲೆ ತಂದಿತ್ತು.

ಗ್ಯಾಸ್ ಒಲೆ ಅವನ ಮನೆಯಲ್ಲೂ ಇತ್ತು. ಹೂವಿನ ಬಟ್ಟೆ ಹೊದ್ದು, ತಲೆಯ ಮೇಲೊಂದು ಗಡಿಯಾರ ಹೊತ್ತು ಮೂಲೆಯಲ್ಲಿ ವಿಶ್ರಾಂತಿ ಪಡೆಯುತ್ತಿತ್ತು. ಸೌದೆ ಒಲೆಯ ರೊಟ್ಟಿಯ ರುಚಿಯೇ ಬೇರೆ ಎಂಬುದು ಯಜಮಾನರ ಅಭಿಪ್ರಾಯ. ಹೆಂಡತಿ ಕೆಮ್ಮುತ್ತಲೇ ಒಲೆ ಊದುತ್ತಿದ್ದಳು. ಈಚೆಗಂತೂ ಕೆಮ್ಮು ಅವಳನ್ನು ಬಿಟ್ಟಿರಲೇ ಇಲ್ಲ.

ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದು ಇಂಥವರಿಗೇ. ಸ್ವಯಂಸೇವಕರ ಮುಂದಾಳು ನರ್ಸಮ್ಮ, ಈ ಸಲದ ಗ್ಯಾಸ್ ಒಲೆಯ ಪ್ರಾತ್ಯಕ್ಷಿಕೆ ಅವನ ಮನೆಯಲ್ಲೇ ಎಂದು ಸಾರಿದರು. ಅವನು ಅಂಗಡಿಗೆ ಬೀಗ ಜಡಿದು ಓಡಿಬಂದು ಸೌದೆಯನ್ನೆಲ್ಲ ಮಂಚದಡಿ ತುರುಕಿದ, ಮಸಿಗೋಡೆಗೆ ಸುಣ್ಣ ಬಳಿದ, ಒಲೆಯ ಬಟ್ಟೆ ಕಿತ್ತ. ಹೆಂಡತಿ ಸೊಂಟಕ್ಕೆ ಕೈಯಿಟ್ಟು ನೋಡುತ್ತ ನಿಂತಳು.

ಓಣಿಯ ಹೆಂಗಸರು ಅಡುಗೆಮನೆ ತುಂಬಿದರು. ಹಸಿ ಸುಣ್ಣ ಅವರ ಬೆನ್ನಿಗೆ ಮೆತ್ತಿಕೊಂಡಿತು. ಒಲೆ ಹೊತ್ತಿಸುವುದು ಮಕ್ಕಳಾಟ ಎನ್ನುತ್ತ ಅವನು ಕಡ್ಡಿಯ ಮೇಲೆ ಕಡ್ಡಿ ಗೀರಿದ. ಒಲೆ ಜಪ್ಪಯ್ಯ ಅಂದರೂ ಹೊತ್ತಲಿಲ್ಲ.

"ಏನಪ್ಪಾ, ಒಲೆಗೂ ಭಾಷಣ ಬೇಕಂತಾ?" ಎಂದು ಪಕ್ಕದ ಮನೆಯ ಅಜ್ಜಿ ಕೇಳಿದಳು.

ಸಿಲಿಂಡರಿನ ಗುಂಡಿ ತಿರುಗಿಸಬೇಕೆಂಬುದೇ ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಬಗ್ಗಿ ತಿರುಗಿಸಿದಾಗ ಅವನ ಕಡ್ಡಿಗೆ ಒಲೆ ಹೊತ್ತಿಕೊಂಡಿತು. ಏಳುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂದು ಅವಳು ಗೋಡೆ ಹಿಡಿದು ನಿಂತಳು. ಯಾರೂ ನಗಲಿಲ್ಲ. ಇದು ಎಷ್ಟು ದಿನದಿಂದ ಎಂದು ನರ್ಸಮ್ಮ ವಿಚಾರಿಸಿದರು.

"ಇವರಿಗೆ ಸೌದೆ ಒಲೆ ರೊಟ್ಟಿನೇ ಆಗ್ಬೇಕು," ಎಂದಳು ಅವಳು. "ಹೊಗೆ ನನಗೆ, ರುಚಿ ಇವರಿಗೆ."

ಅದರ ರುಚಿ ಇದಕ್ಕೆ ಬರಲ್ಲ ಕಣೇ ಎಂದು ಅವನು ಗೊಣಗಿದ. ಅಷ್ಟರಲ್ಲಿ ಅವಳು ಗೋಡೆ ಹಿಡಿದು ಉಸಿರಿಗಾಗಿ ಒದ್ದಾಡುತ್ತಿರುವುದು ಕಂಡಿತು. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಅವನು ಹಿಟ್ಟಿನ ಪಾತ್ರೆ ಎಳೆದುಕೊಂಡು ತಾನೇ ರೊಟ್ಟಿ ತಟ್ಟತೊಡಗಿದ. ಬಂದದ್ದು ಒಂದು ಕಡೆ ಹಸಿ, ಇನ್ನೊಂದು ಕಡೆ ಕರಕಲು. ಎಲ್ಲರೆದುರು ನಿಂತೇ ತಿಂದ.

ಹೇಗಿದೆಯೆಂದು ಅಜ್ಜಿ ಕೇಳಿದಳು.

"ಚೆನ್ನಾಗಿಲ್ಲ," ಎಂದು ನುಂಗಿ, ಹೆಂಡತಿಯ ಕಡೆ ತಿರುಗಿದ. "ಚೆನ್ನಾಗಿ ಬರೋವರೆಗೂ ಇದ್ರಲ್ಲೇ ಮಾಡ್ತೀನಿ. ನೀನು ಹೋಗಿ ಹೊರಗೆ ಗಾಳಿಗೆ ಕೂತ್ಕೋ."