ಗಂಡಾಗಿ ಬಿಟ್ಟ ಹೆಣ್ಣು

ಕೋಲು ಎಡಕ್ಕೆ ಜಗ್ಗಿತು, ಎಡಕ್ಕೆ ತಿರುಗಬೇಕು, ಎಣ್ಣೆಗೆ ಬಿದ್ದ ಮೆಣಸಿನಕಾಯಿಯ ಘಾಟು, ಟಾಂಗಾ ಕುದುರೆಯ ಗೆಜ್ಜೆ, ರಾಯಚೂರು ಅಂದರೆ ಬೂದೆಪ್ಪನಿಗೆ ಈಗ ಇಷ್ಟೇ, ಎರಡೂ ಕಣ್ಣಿಗೆ ಪೊರೆ ಬಂದವನಿಗೆ ಊರು ಮೂಗು ಕಿವಿಗಳಲ್ಲಿರುತ್ತದೆ, ಮತ್ತೆ ಕೋಲಿನಲ್ಲಿ — ಈ ತುದಿ ತನ್ನ ಕೈಯಲ್ಲಿ, ಆ ತುದಿ ಮಗಳು ಕರೆಮ್ಮನ ಕೈಯಲ್ಲಿ, ಮೆಟ್ಲು ಅದಾವ ಯಪ್ಪಾ, ಕಾಲು ಎತ್ತಿ ಇಡು, ಇಟ್ಟ, ನಾಚಿಕೆಗೆಟ್ಟವಳು, ಹೆತ್ತ ತಂದೆಯ ಮೇಲೆ ದಾವೆ ಹೂಡಿ ಹೊಲದಲ್ಲಿ ಅರ್ಧ ಕೇಳುತ್ತಾಳೆ, ಅದೇ ತಂದೆಯನ್ನು ಜಾಲಹಳ್ಳಿಯಿಂದ ಇದ್ದಿಲ ಉರಿಯಿಂದ ಓಡುವ ಬಸ್ಸಿನಲ್ಲಿ ಕೂರಿಸಿಕೊಂಡು ಬಂದು ಕಚೇರಿಯ ಮೆಟ್ಟಿಲನ್ನೂ ಹತ್ತಿಸುತ್ತಾಳೆ, ಬೇರೆ ಯಾರು ಕರೆತರಬೇಕು, ಎರಡನೆಯ ಹೆಂಡತಿ ಬಸ್ಸಮ್ಮನಿಗೆ ಕೂಸಿನ ಕಾಟವೇ ಸಾಕಾಗಿದೆ, ಕೂಸು — ಗಂಡು ಕೂಸು, ಮೂರು ವರ್ಷದ್ದು, ಈ ವಯಸ್ಸಿನಲ್ಲಿ ಅವಳು ಹೆತ್ತುಕೊಟ್ಟದ್ದು, ನೆನೆದರೆ ಬಾಯಲ್ಲಿ ಬೆಲ್ಲ, ಅದರ ಹೊಲವನ್ನು ಇವಳಿಗೇಕೆ ಹರಿದು ಕೊಡಬೇಕು?

ಪಡಸಾಲೆಯ ಕಲ್ಲು ತಣ್ಣಗಿದೆ, ಉಣ್ಣು ಯಪ್ಪಾ, ಕೈಗೆ ರೊಟ್ಟಿ ಬಂತು, ಮುರಿದು ಪುಂಡಿಪಲ್ಯ ಹಚ್ಚಿದ ರೊಟ್ಟಿ, ಉಂಡ, ಉಣ್ಣದೆ ಏನು ಮಾಡುತ್ತಾನೆ, ಇಷ್ಟು ವರ್ಷ ಇವಳ ಕೈಯದೇ ಉಂಡದ್ದು, ತನ್ನ ವಕೀಲ ಜಗನ್ನಾಥರಾಯರ ನಶ್ಯದ ವಾಸನೆ ಹತ್ತಿರ ಬಂತು, ಅವರು ಅವನ ಕಿವಿಯಲ್ಲಿ ಮಾತ್ರ ಉಸುರಿದರು, ಮಗಳಿಗೆ ಮುತ್ತು ಕಟ್ಟಿ ದೇವರಿಗೆ ಬಸವಿ ಬಿಟ್ಟೀರೇನು ಅಂತ ಮುನ್ಸೀಫರು ಕೇಳ್ತಾರ, ಇಲ್ಲ ಅನ್ರಿ, ಅಷ್ಟ ಸಾಕು, ಹೌದು ಅಂದ್ರೋ ಆಕಿ ನಿಮ್ಮ ಗಂಡುಮಗನ ಸಮ ಆದಳು — ಇಲ್ಲ, ಎರಡೇ ಅಕ್ಷರ, ಅದೇನು ಭಾರವೇ, ಕಂಡವರು ಯಾರಿದ್ದಾರೆ, ಮುತ್ತು ಕಟ್ಟಿದ ಪೂಜಾರಿ ಕಾಲರಾದಲ್ಲಿ ಹೋದ, ಮೊದಲ ಹೆಂಡತಿ ಆದೆಮ್ಮ ಹೋದಳು, ಅಂದು ಅವಳು ಗುಡಿಯ ಹೊಸ್ತಿಲಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು, ಬ್ಯಾಡ, ಚೀಕಲಪರ್ವಿಯವರು ಹೆಣ್ಣು ಕೇಳ್ಯಾರ, ಕೊಟ್ಟುಬಿಡಮು, ಸುಮ್ಮನಿರು ಬೇ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಮುಪ್ಪಿನಾಗ ನಮಗ ಗಂಜಿ ಕಾಸೋರು ಯಾರು, ದೈವದ ಮುಂದೆ ತಾನೇ ಎದೆ ಸೆಟೆಸಿ ಹೇಳಿದ್ದ, ಇವತ್ತಿನಿಂದ ಈಕಿ ಹೆಣ್ಣಲ್ಲ, ನನ್ನ ಮನಿ ಗಂಡು, ಹೊಲ ಈಕಿದು, ನನ್ನ ಚಿತಿಗೆ ಬೆಂಕಿ ಈಕಿದು — ಕರೆಮ್ಮ ಆಗಿನ್ನೂ ಕೂಸು, ಹಸಿವಾಗಿತ್ತು, ಕೊಬ್ಬರಿ ತಿನ್ನುತ್ತ ನಗುತ್ತಿತ್ತು, ಆಮೇಲೆ ಮೈನೆರೆದಳು, ಗೌಡ ಬಂದ, ಗೌಡನ ಹಿಂದೆ ಜೋಡಿ ಎತ್ತು ಬಂದವು, ಎಂಥ ಎತ್ತು, ಆ ಸಂಜೆ ತಾನು ಹೊರಸನ್ನು ಬೇವಿನ ಮರದ ಕೆಳಗೆ ಎಳೆದುಕೊಂಡು ಮಲಗಿದ, ಒಳಗಿಂದ ಯಪ್ಪಾ ಎಂದು ಒಂದೇ ಸಲ ಕೂಗಿದಳು, ತಾನು ಕೆಮ್ಮಿದ, ಜೋರಾಗಿ ಕೆಮ್ಮಿದ, ಎತ್ತುಗಳು ಮೇವು ಅಗಿಯುತ್ತಿದ್ದವು, ಒಳ್ಳೆಯ ಎತ್ತುಗಳು, ಅವನ್ನು ಹೂಡಿ ಹೊಲ ಉತ್ತವಳೂ ಅವಳೇ, ತಾಯಿಯ ಚಿತೆಗೆ ಬೆಂಕಿ ಇಟ್ಟವಳೂ ಅವಳೇ, ತಮ್ಮ ಹುಟ್ಟಿದಾಗ ತೊಟ್ಟಿಲು ಕಟ್ಟಿದವಳೂ ಅವಳೇ, ಇರಲಿ, ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ ಅನ್ನುವುದು ಸುಮ್ಮನೆ ಹುಟ್ಟಿದ ಗಾದೆಯೇ?

ಬೂದೆಪ್ಪ ಹಾಜರ್ — ಕೋಲು ಜಗ್ಗಿತು, ಎದ್ದ, ಒಳಗೆ ಬೀಸಣಿಕೆಯ ಕಿರುಗುಟ್ಟುವಿಕೆ, ಉರ್ದುವಿನಲ್ಲಿ ಒಂದು ದನಿ, ಅದನ್ನು ಕನ್ನಡ ಮಾಡುವ ಇನ್ನೊಂದು ದನಿ, ಈ ಹೆಣ್ಣನ್ನ ಮಗನ ಬದಲಿಗೆ ಅಂತ ಬಸವಿ ಬಿಟ್ಟದ್ದು ಖರೇ ಏನು, ಪಕ್ಕದಲ್ಲಿ ಅವಳ ಉಸಿರು ನಿಂತದ್ದು ಕೇಳಿಸಿತು, ಇಲ್ರಿ ಸಾಹೇಬ್ರ, ಆಯಿತು, ಅಷ್ಟೇ ಸಾಕು ಎಂದಿದ್ದರು, ಆದರೆ ಬಾಯಿ ನಿಲ್ಲಲಿಲ್ಲ, ಏನೋ ಹುರುಪು, ಬಿಟ್ಟಿಲ್ರಿ, ಈಕಿ ತಾನ ಕೆಟ್ಟಾಕಿ, ಸಣ್ಣಾಕಿ ಇದ್ದಾಗಿಂದ ಅದ ಚಟ, ಎಷ್ಟು ಬಡದರೂ ಮನ್ಯಾಗ ನಿಲ್ಲಲಿಲ್ಲ, ನನ್ನ ಮುಖಕ್ಕ ಮಸಿ ಬಳದಾಳ — ಹಿಂದೆ ಯಾರೋ ನಕ್ಕರು, ತನಗೂ ಸ್ವಲ್ಪ ನಗು ಬಂತು, ಅವಳನ್ನು ಕೇಳಿದರು, ನಿನ್ನ ಮಾತೇನು, ಏನಿಲ್ರಿ, ಅವ ಹೇಳಿದ್ದು ಕೇಳಿದೆ, ಎಂದಳು.

ಹೊರಗೆ ಬಿಸಿಲು ಮುಖಕ್ಕೆ ಬಡಿಯಿತು, ಪಡಸಾಲೆಯ ಅಂಚಿನವರೆಗೆ ಕೋಲು ಅದೇ ಹದದಲ್ಲಿ ಜಗ್ಗುತ್ತ ಬಂತು, ನೋಡಿದಿರಾ, ಎಲ್ಲಿ ಹೋಗುತ್ತಾಳೆ, ರಕ್ತ ರಕ್ತವೇ, ಸಂಜೆಯ ಬಸ್ಸಿಗೆ ಊರು, ಕೂಸಿಗೆ ಬತ್ತಾಸು ಒಯ್ಯಬೇಕು, ಕರೆವ್ವಾ ಬತ್ತಾಸು ಎಲ್ಲಿ ಸಿಗ್ತಾವ, ಮೆಟ್ಲು ಬಂದ್ವೇನು, ಕೋಲು ನಿಂತಿತು, ಮೆಟ್ಲು ಬಂದ್ವು, ಎಂದಳು, ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆದರಿಕೆಯಾಯಿತು, ಹಿಡಿ ಮತ್ತ, ಎಂದ, ಮಗ ಮನ್ಯಾಗ ಅದಾನಲ್ಲ ಯಪ್ಪಾ, ಅವನ್ನ ಕರಿ — ಕೈಯಲ್ಲಿ ಕೋಲು ಹಗುರಾಯಿತು, ಆ ತುದಿ ಕಲ್ಲಿಗೆ ಬಡಿದು ಟಕ್ ಎಂದಿತು, ಎತ್ತಿ ಮುಂದಕ್ಕೆ ಚಾಚಿದ, ಕರೆವ್ವಾ, ಟಾಂಗಾ, ಗೆಜ್ಜೆ, ಯಾರದೋ ಚಪ್ಪಲಿ ಬಳಸಿಕೊಂಡು ಹೋಯಿತು, ಹಿಡಿಯವ್ವಾ, ಕೋಲು ಇಳಿಸಬಾರದು, ಇಳಿಸಿದರೆ ಅವಳಿಗೆ ಕಾಣುವುದಿಲ್ಲ, ಕೋಲಿನ ಆ ತುದಿ, ಗಾಳಿಯಲ್ಲಿ, ಹಗುರ, ಆ ತುದಿ —